21ನೇ ವಚನ ಎಲ್ಲಿ ಹೋಯಿತು?

ಗಂಡ-ಹೆಂಡತಿಯ ಬಗ್ಗೆ ಬೈಬಲ್ ಏನು ಹೇಳುತ್ತದೆ ಅನ್ನುವ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನುವುದಕ್ಕೆ ಬೈಬಲ್‌ನಲ್ಲಿರುವ, ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 22ನೇ ವಚನದಿಂದಲೇ ಶುರು ಮಾಡಿದ್ದೀರಿ. ಅದರ ಹಿಂದಿನ ವಚನ ಓದಿದರೆ ಮಾತೇ ಬೇರೆ ಆಗುತ್ತದೆ, ಅಲ್ವಾ? ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಅಲ್ಲಿದೆ. ಒಬ್ಬರಿಗೊಬ್ಬರು!

ಇನ್ನೊಂದು ವಿಷಯ. ಈ ಪತ್ರಿಕೆಯ ಮೂಲ ಭಾಷೆಯಾದ ಗ್ರೀಕ್‌ನ ತುಂಬಾ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ 22ನೇ ವಚನದಲ್ಲಿ 'ಅಧೀನರಾಗಿರಿ' ಅನ್ನುವ ಕ್ರಿಯಾಪದವೇ ಇಲ್ಲ. ಅದನ್ನು 21ರಿಂದ ಎಳೆದುಕೊಂಡೇ ಓದಬೇಕು. ಹಾಗಿರುವಾಗ ಎರಡನ್ನೂ ಕತ್ತರಿಸಿ ಬೇರೆ ಮಾಡುವುದು ಹೇಗೆ?

ಗಂಡಂದಿರಿಗೆ ಹೇಳಿದ್ದೇ ಜಾಸ್ತಿ. ಹೆಂಡತಿಯರಿಗೆ ಮೂರು ವಚನವಾದರೆ, ಗಂಡಂದಿರ ಭಾಗ 25ರಿಂದ ಅಧ್ಯಾಯದ ಕೊನೆಯವರೆಗೂ ಎಳೆಯುತ್ತದೆ. ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರ ಸಮುದಾಯಕ್ಕಾಗಿ, ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸಬೇಕಂತೆ. ಅಂದರೆ ಪ್ರಾಣ ಕೊಡುವ ಪ್ರೀತಿ. ಇದನ್ನು ಓದಿ 'ನಾನೇ ಯಜಮಾನ, ನನ್ನ ಮಾತೇ ನಡೆಯಬೇಕು' ಅನ್ನುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಯೇಸು ಶಿಷ್ಯರ ಕಾಲು ತೊಳೆದದ್ದು ಅವರಿಗೆ ನೆನಪಿಲ್ಲವೇನೋ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯವನ್ನೂ ಸೇರಿಸಬಹುದಿತ್ತು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಉಂಟು ಎಂದ, ಆ ಪತ್ರಿಕೆ ಬರೆದ ಪೌಲನೇ, ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಅನ್ನುತ್ತಾನೆ. ಆ ಕಾಲದ ರೋಮನ್ ಮನೆಗಳಲ್ಲಿ ಅಧಿಕಾರವೆಲ್ಲ ಯಜಮಾನನ ಕೈಯಲ್ಲಿತ್ತು. ಅಂಥವರ ಮುಂದೆ ಇದು ಸಣ್ಣ ಮಾತಲ್ಲ.

ಹಾಂ, ಹೊಡೆತ ಬೈಗುಳ ಸಹಿಸಿಕೊಂಡು ಸುಮ್ನೆ ಇರುವುದನ್ನೂ ಅಧೀನತೆ ಅಂತ ಕರೆಯುವವರಿದ್ದಾರೆ. ಅದಕ್ಕೆ ಎಫೆಸದವರಿಗೆ ಬರೆದ ಈ ಅಧ್ಯಾಯದಲ್ಲಿ ಒಂದು ಅಕ್ಷರದ ಆಧಾರವೂ ಇಲ್ಲ. ಲೇಖನದಲ್ಲಿ ಅದನ್ನು ಬಿಡಿಸಿ ಹೇಳಬೇಕಿತ್ತು.