ದೊಡ್ಡಾನೆಯನ್ನು ಸಾಗಿಸುವ ಮನವಿಗೆ ನನ್ನ ಸಹಿ ಇಲ್ಲ

ನಿನ್ನೆ ರಾತ್ರಿ ಊರಿನ ವಾಟ್ಸಾಪ್ ಗ್ರೂಪಿಗೆ ಎಲ್ಗಾನ್ ಬೆಟ್ಟದ ಆನೆಗಳ ವಿಡಿಯೋ ಬಂತು. ಎಲ್ಲರೂ ಹೊಗಳಿದರು. ಅದರ ಕೆಳಗೇ ಒಬ್ಬರು ಬರೆದರು: ನಮ್ಮ ಕಾಸರಗೋಡಿನ ಮುಳಿಯಾರಿನಲ್ಲಿ ಮತ್ತೆ ಆನೆ ಇಳಿದಿದೆ, ದೊಡ್ಡದನ್ನು ಹಿಡಿದು ಎಲ್ಲಿಗಾದರೂ ಸಾಗಿಸಲಿ, ಉಳಿದವು ತಾವಾಗಿ ಹೋಗುತ್ತವೆ. ಹಾಗಂತ ಮನವಿ ಬರೆಯಲು ಅದಕ್ಕೂ ಎಲ್ಲರ ಒಪ್ಪಿಗೆ! ಸಿಟ್ಟು ತಡೆಯಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಗಾನ್ ಇರುವುದು ಕೆನ್ಯಾ-ಉಗಾಂಡಾ ಗಡಿಯಲ್ಲಿ. ಆರಿದ ಜ್ವಾಲಾಮುಖಿ. ಮಳೆ ಮಣ್ಣಿನ ಉಪ್ಪನ್ನೆಲ್ಲ ತೊಳೆದು ಸೊಪ್ಪಿನಲ್ಲಿ ಉಪ್ಪಿನಂಶವೇ ಕಡಿಮೆ. ಅದಕ್ಕಾಗಿ ಆನೆಗಳು ರಾತ್ರಿ ಕಿಟುಮ್ ಗುಹೆಗೆ ಹೋಗುತ್ತವೆ. ಸುಮಾರು 200 ಮೀಟರ್ ಉದ್ದ. ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದ ಹಾಗೆಯೇ ಕಗ್ಗತ್ತಲು, ಬಾವಲಿಗಳ ವಾಸನೆ. ಸೊಂಡಿಲಿನಿಂದ ನೆಲ ತಡವುತ್ತಾ ಒಂದೊಂದೇ ಹೆಜ್ಜೆ ಇಡುತ್ತವೆ. ಕೊಂಬಿನಿಂದ ಉಪ್ಪಿರುವ ಗೋಡೆ ಕೆರೆದು, ಬಿದ್ದ ಕಲ್ಲನ್ನು ದವಡೆಯಲ್ಲಿ ಅರೆದು ನುಂಗುತ್ತವೆ. ಒಳಗೊಂದು ಆಳವಾದ ಬಿರುಕಿದೆ, ಮರಿಗಳು ಬಿದ್ದು ಸತ್ತದ್ದುಂಟು. ಆ ಕತ್ತಲಲ್ಲಿ ಮರಿಗೆ ದಾರಿ ತೋರಿಸುವುದು ಹಿರಿಯ ಆನೆಯೇ ಅಲ್ವಾ?

ದಂತಕ್ಕಾಗಿ ಅಲ್ಲಿ ಬಹಳಷ್ಟು ಆನೆಗಳನ್ನು ಕೊಂದರು. ಗುಹೆಯ ಹತ್ತಿರವೇ ಕಾದು ಹೊಡೆದರು. ಸುತ್ತ ಹೊಲ, ಊರು. ಬೇರೆ ಕಾಡಿನ ಆನೆ ಬರಲು ದಾರಿಯಿಲ್ಲ. ಹೊರಗಿಂದ ಆನೆ ತಂದುಬಿಟ್ಟರೆ ಆನೆಗಳ ಲೆಕ್ಕವೇನೋ ಸರಿಹೋದೀತು. ಗುಹೆಯೊಳಗೆ ನಡೆಯುವುದನ್ನು ಅವಕ್ಕೆ ಕಲಿಸುವವರು ಯಾರು?

ತೋಟ ಹೋದವರ ಸಂಕಟ ಗೊತ್ತಿಲ್ಲದೆ ಮಾತಾಡಬೇಡ ಅನ್ನುತ್ತೀರಿ. ನಮ್ಮ ಕೆಳಗಿನ ತೋಟದ ಗತಿ ನಿಮಗೆಲ್ಲ ಗೊತ್ತು. ಸಿಗಿದ ಬಾಳೆದಿಂಡು, ಚಪ್ಪಟೆಯಾದ ಸ್ಪ್ರಿಂಕ್ಲರ್ ಪೈಪು, ಅಡ್ಡ ಬಿದ್ದ ಫಸಲಿನ ಅಡಿಕೆ ಮರ. ಅಮ್ಮ ಅವತ್ತು ಊಟ ಮಾಡಲಿಲ್ಲ. ಪರಿಹಾರದ ದುಡ್ಡು ಇನ್ನೂ ಬಂದಿಲ್ಲ. ಅದಕ್ಕೆ ಜಗಳ ಮಾಡೋಣ, ನಾನೂ ಬರುತ್ತೇನೆ.

ಆದರೆ ದೊಡ್ಡದು ಹೋದರೆ ತೊಂದರೆ ಮುಗಿಯಿತು ಅನ್ನಬೇಡಿ. ದಕ್ಷಿಣ ಆಫ್ರಿಕಾದ ವನ್ಯಧಾಮವಾದ ಪಿಲಾನೆಸ್‌ಬರ್ಗಿನಲ್ಲಿ ಹಿರಿಯರಿಲ್ಲದೆ ಬೆಳೆದ ಗಂಡಾನೆಗಳು 1990ರ ದಶಕದಲ್ಲಿ ಘೇಂಡಾಮೃಗಗಳನ್ನೇ ಕೊಲ್ಲತೊಡಗಿದವು. 1998ರಲ್ಲಿ ಕ್ರೂಗರ್ ಕಾಡಿನಿಂದ 6 ದೊಡ್ಡ ಸಲಗಗಳನ್ನು ತಂದುಬಿಟ್ಟ ಮೇಲೆ ಆ ಹಾವಳಿ ನಿಂತಿತು. ದೊಡ್ಡವನ್ನು ತೆಗೆದು ಅಲ್ಲ, ತಂದು! ನಾವು ಕೇಳುತ್ತಿರುವುದು ಅದರ ಉಲ್ಟಾ.

ಸೋಲಾರ್ ಬೇಲಿಗೆ ಹಬ್ಬಿದ ಬಳ್ಳಿ ಸವರಲು ಆಳು ಬೇಕು, ಕೆಟ್ಟ ಬ್ಯಾಟರಿ ಬದಲಾಯಿಸಬೇಕು ಅಂತ ಮನವಿ ಬರೆಯಿರಿ. ಮೊದಲ ಸಹಿ ನನ್ನದು. ಸಾಗಿಸುವ ಮನವಿ ಹಿಡಿದು ನಮ್ಮ ಮನೆಗೆ ಬರಬೇಡಿ.