ಡಾಂಬರಿಗೆ ನೀರಾಗದು ಅನ್ನುವವರಿಗೆ

ಮೊದಲ ಮಳೆಗೇ ರಸ್ತೆಯ ಜಲ್ಲಿ ಏಳುತ್ತೆ, ಅದೇ ಡಾಂಬರನ್ನು ಅಣೆಕಟ್ಟಿಗೆ ಹಾಕ್ತಾರಾ ಅಂತ ಕೇಳುವವರಿದ್ದಾರೆ. ಹಾಕ್ತಾರೆ. ನಾರ್ವೆಯ ಸ್ಟೋರ್‌ಗ್ಲೋಮ್‌ವಾಟ್ನ್ ಅಣೆಕಟ್ಟು (1997) 125 ಮೀಟರ್ ಎತ್ತರದ ಕಲ್ಲಿನ ರಾಶಿ. ಅದರ ಹೊಟ್ಟೆಯೊಳಗೆ ನೀರು ತಡೆಯುತ್ತಿರುವುದು ಒಂದು ಮೀಟರ್ ದಪ್ಪವೂ ಇಲ್ಲದ ಡಾಂಬರ್ ಕಾಂಕ್ರೀಟ್ (ಜಲ್ಲಿ, ಕಲ್ಲುಪುಡಿಗೆ ಬಿಸಿ ಡಾಂಬರು ಬೆರೆಸಿದ ಮಾಲು) ಗೋಡೆ.

ರಸ್ತೆಯ ಮಾಲು, ಈ ಗೋಡೆಯ ಮಾಲು ಎರಡೂ ಕಪ್ಪಗಿವೆ, ಅಷ್ಟೇ ಹೋಲಿಕೆ. ರಸ್ತೆಗೆ ಡಾಂಬರು ಶೇ. 5ರ ಆಸುಪಾಸು, ಹೊಸದಾಗಿ ಹಾಸಿದ ಪದರದಲ್ಲಿ ಶೇ. 7-8 ಗಾಳಿಗೂಡು (ಒಳಗಿನ ಖಾಲಿ ಜಾಗ) ಇರುವುದು ಮಾಮೂಲು. ಒಳಹೊಕ್ಕ ನೀರು ಬೇಗ ಹೊರಬರಲ್ಲ, ಲಾರಿ ಚಕ್ರ ಅದನ್ನು ಪಂಪಿನಂತೆ ಒತ್ತಿ ಒತ್ತಿ ಕಲ್ಲಿನಿಂದ ಡಾಂಬರು ಸುಲಿಯುತ್ತೆ. ಅಣೆಕಟ್ಟಿನ ಗೋಡೆಗೆ ಡಾಂಬರು ಶೇ. 6.5ರಿಂದ 7.5, ನುಣ್ಣನೆಯ ಕಲ್ಲುಪುಡಿ ಶೇ. 12ರ ಸುತ್ತ, ಗಾಳಿಗೂಡು ಶೇ. 3 ಮೀರುವಂತಿಲ್ಲ. ಆ ಮಟ್ಟದಲ್ಲಿ ಗೂಡುಗಳು ಒಂದಕ್ಕೊಂದು ಕೂಡುವುದಿಲ್ಲ, ನೀರಿಗೆ ದಾರಿಯೇ ಇಲ್ಲ. ಇಷ್ಟು ಮೆತ್ತನೆಯ ಮಾಲನ್ನು ರಸ್ತೆಗೆ ಹಾಸಿದರೆ ಬೇಸಿಗೆಯಲ್ಲಿ ಚಕ್ರದ ಗುರುತು ಹಳ್ಳವಾದೀತು, ಅದು ಬೇರೆ ಮಾತು.

ಕಲ್ಲಿನ ಜಾತಿ ಮುಖ್ಯ. ಗ್ರಾನೈಟ್, ಬೆಣಚುಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೇ ಒಲವು ಜಾಸ್ತಿ. ನೆನೆಸಿದ ಮಾದರಿ ಒಡೆದಾಗ ಬಿಳಿ ಕಲ್ಲು ಬೆತ್ತಲೆಯಾಗಿ ಮಿಂಚಿದರೆ ಅಂಟು ಬಿಟ್ಟಿದೆ ಅಂತಲೇ ಅರ್ಥ. ಸುಣ್ಣಕಲ್ಲಿನಲ್ಲಿ ಈ ತಾಪತ್ರಯ ಕಡಿಮೆ. ಹಾಗಂತ ಪಕ್ಕದ ಗ್ರಾನೈಟ್ ಕ್ವಾರಿ ಬಿಟ್ಟು ದೂರದಿಂದ ಸುಣ್ಣಕಲ್ಲಿನ ಜಲ್ಲಿ ಹೊರುವುದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಪುಡಿಯನ್ನಷ್ಟೇ ಸುಣ್ಣಕಲ್ಲಿನದು ಮಾಡಿ, ಪರೀಕ್ಷಿಸಿ ನೋಡಲಿ. ಚೀನಾದಲ್ಲಿ ಮಾದರಿಯನ್ನು 60 ಡಿಗ್ರಿ ನೀರಲ್ಲಿ 48 ಗಂಟೆ ಇಟ್ಟ ಮೇಲೂ ಮೂಲ ಬಲದ ಶೇ. 90 ಉಳಿದಿರಬೇಕು ಅಂತಾರೆ. ಅಣೆಕಟ್ಟಿನೊಳಗಿನ ತಣ್ಣೀರಿಗೆ ಹೋಲಿಸಿದರೆ ಇದು ಕಠಿಣವೇ.

ಆದರೆ ಸೈಟಿನ ತಪ್ಪು ಆ ಪರೀಕ್ಷೆಗೆ ಸಿಗಲ್ಲ. ಜಲ್ಲಿ ಪೂರ್ತಿ ಒಣಗಿರದಿದ್ದರೆ, ಅಥವಾ ಹಸಿ ಪದರದ ಮೇಲೆ 160 ಡಿಗ್ರಿಯ ಮಾಲು ಬಿದ್ದರೆ, ನೀರು 1,600 ಪಟ್ಟು ಹಿಗ್ಗಿ ಆವಿಯಾಗಿ ಗುಳ್ಳೆ ಬಿಡುತ್ತೆ. ಮಳೆ ಹನಿದರೆ ಕೆಲಸ ನಿಲ್ಲಿಸಬೇಕು, ಮೇಲ್ಮೈ ಒಣಗಿಸಿ ಬಿಸಿ ಮಾಡಿದ ಮೇಲೇ ಮುಂದಿನ 20 ಸೆಂ.ಮೀ. ಪದರ. ತಳದ ಕಾಂಕ್ರೀಟ್ ಹಾಸಿನ ಮೇಲಿನ ಸಿಮೆಂಟ್ ಹಾಲು (ಮೇಲೆ ತೇಲಿ ಗಟ್ಟಿಯಾದ ದುರ್ಬಲ ಸಿಮೆಂಟ್ ಪೊರೆ) ಕೆರೆದು, ತೆಳು ಡಾಂಬರು ಬಳಿದು, ಮಾಸ್ಟಿಕ್ (ಡಾಂಬರು ಹೆಚ್ಚಿರುವ ದಪ್ಪ ಅಂಟು) ಹಚ್ಚದಿದ್ದರೆ ಗೋಡೆ ಎಷ್ಟೇ ಚೆನ್ನಾಗಿದ್ದರೂ ನೀರು ಬುಡದಲ್ಲೇ ನುಸುಳುತ್ತೆ.

ಇನ್ನೊಂದು, ಗಾಳಿಗೂಡು ಅಳೆಯಲು ಕೊರೆದು ತೆಗೆದ ತೂತು. ಅದನ್ನು ಒರೆಸಿ, ಒಣಗಿಸಿ, ಬಿಸಿ ಮಾಡಿ, ಅದೇ ಮಾಲನ್ನು 5 ಸೆಂ.ಮೀ.ನಂತೆ ತುಂಬಿ ಕುಟ್ಟಬೇಕು. ಒಂದೇ ಸಲ ಸುರಿದು ಮೇಲೆ ತಟ್ಟಿದರೆ, ಗೋಡೆ ಚೆನ್ನಾಗಿದೆಯಾ ಅಂತ ನೋಡಲು ಹೋಗಿ ನಾವೇ ಅದರಲ್ಲಿ ತೂತು ಬಿಟ್ಟು ಬಂದಂತೆ.