ಸ್ಪಷ್ಟನೆ: ಬೋಯಿಂಗ್ 787ರ ಒಡಲು ಒಂದೇ ಅಚ್ಚಿನದಲ್ಲ
‘ಬೋಯಿಂಗ್ 787 ವಿಮಾನದ ಒಡಲು ಒಂದೇ ಅಚ್ಚಿನ ಪ್ಲಾಸ್ಟಿಕ್, ಅದರಲ್ಲಿ ಬೋಲ್ಟೇ ಇಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ರಾಳ (ಅಂಟಿನಂಥ ರೆಸಿನ್) ತುಂಬಿದ ಕಾರ್ಬನ್ ಫೈಬರ್ ಪಟ್ಟಿಗಳನ್ನು ತಿರುಗುವ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಆಟೋಕ್ಲೇವ್ ಎಂಬ ಮುಚ್ಚಿದ ದೊಡ್ಡ ಒಲೆಯಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಒತ್ತಡ ಕೊಟ್ಟು ಗಟ್ಟಿಗೊಳಿಸುತ್ತಾರೆ. ಹೀಗೆ ಸಿದ್ಧವಾಗುವುದು ಒಡಲಿನ ಒಂದೊಂದು ತುಂಡು ಮಾತ್ರ: ಮೂತಿ ಅಮೆರಿಕದ ವಿಚಿಟಾದಲ್ಲಿ, ನಡುಭಾಗಗಳು ಜಪಾನ್ ಮತ್ತು ಇಟಲಿಯಲ್ಲಿ. ಅವನ್ನು ಜೋಡಿಸುವುದು ಬೋಲ್ಟ್‌ನಂಥ ಲೋಹದ ಫಾಸ್ಟನರ್‌ಗಳೇ, ಹೆಚ್ಚಾಗಿ ಟೈಟಾನಿಯಂನವು. ಏಕೆಂದರೆ ಕಾರ್ಬನ್‌ಗೆ ತಾಗಿದ ಅಲ್ಯೂಮಿನಿಯಂ ತೇವ ಸಿಕ್ಕರೆ ಬೇಗ ಸವೆಯುತ್ತದೆ.

ನಿಜವಾದ ಕಷ್ಟ ಈ ಜೋಡಣೆಯದೇ. ಎರಡು ಭಾಗಗಳ ನಡುವಿನ ಸಂದು 0.005 ಇಂಚು, ಅಂದರೆ ಸುಮಾರು 0.13 ಮಿ.ಮೀ. ಮೀರಿದರೆ ಅದನ್ನು ತುಂಬಲು ಶಿಮ್ ಎಂಬ ತೆಳು ತುಂಡು ಇಡಬೇಕು. ಇಡದೆ ಬಿಗಿದರೆ ಭಾಗಗಳು ಬಾಗಿ, ಒತ್ತಡ ಅಲ್ಲೇ ಉಳಿಯುತ್ತದೆ. 2021ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಹೊಸ 787 ವಿಮಾನಗಳ ಹಸ್ತಾಂತರ ನಿಂತದ್ದಕ್ಕೆ ಇಂಥ ಸಂದುಗಳೂ ಕಾರಣ.